ಕೆಂಪು ಪೆನ್ನಿನ ಸುತ್ತಿನೊಳಗೆ ಒಂದು ‘ರಿಂದ’

ನನ್ನ ಎಂಎ ಪ್ರಾಜೆಕ್ಟಿನ ಮೊದಲ ಕರಡಿನಲ್ಲಿ ಹೀಗೊಂದು ವಾಕ್ಯ ಇತ್ತು: ‘ಹೆಚ್ಚು ಚಹಾ ಕುಡಿಯುವುದರಿಂದ ಪರೀಕ್ಷೆಯ ಆತಂಕ ಹೆಚ್ಚುತ್ತದೆ.’ ಗೈಡ್ ಮೇಡಂ ಅದರೊಳಗಿನ ‘ರಿಂದ’ ಅನ್ನೋ ಎರಡೇ ಅಕ್ಷರಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದರು. “ಇದನ್ನ ಎಲ್ಲಿಂದ ತಂದಿಯಮ್ಮ? ನಿನ್ನ ಡೇಟಾದಾಗ ಇದು ಇಲ್ಲ” ಅಂದರು.

ನಾನು ಮಾಡಿದ್ದು ಇಷ್ಟು. ಬಳ್ಳಾರಿಯ ನಮ್ಮ ಹಾಸ್ಟೆಲಿನ 60 ಹುಡುಗಿಯರಿಗೆ ದಿನಕ್ಕೆ ಎಷ್ಟು ಲೋಟ ಚಹಾ ಅಂತ ಕೇಳಿದೆ. ಒಂದು ಆತಂಕದ ಪ್ರಶ್ನಾವಳಿ ತುಂಬಿಸಿಕೊಂಡೆ. ಪಿಯರ್ಸನ್ ಸಹಸಂಬಂಧ, ಅಂದರೆ ಎರಡು ಅಳತೆಗಳು ಎಷ್ಟರಮಟ್ಟಿಗೆ ಜೊತೆಜೊತೆಯಾಗಿ ಏರಿಳಿಯುತ್ತವೆ ಅನ್ನೋ ಅಂಕಿ, ಲೆಕ್ಕ ಹಾಕಿದೆ. ಆ ‘ಆರ್’ ಬೆಲೆ −1ರಿಂದ +1ರ ನಡುವೆ ಇರುತ್ತದೆ. 60 ಜನ ಇದ್ದಾಗ 5% ಮಟ್ಟದಲ್ಲಿ ಅದು ಸುಮಾರು 0.25 ದಾಟಿದರೆ ಸಾರ್ಥಕ, ಅಂದರೆ ಬರೀ ಆಕಸ್ಮಿಕ ಇರಲಾರದು, ಅಂತ ಕೋಷ್ಟಕ ಹೇಳುತ್ತದೆ. ನನ್ನದು ದಾಟಿತ್ತು. ಆ ಖುಷಿಯಲ್ಲೇ ‘ರಿಂದ’ ಬರೆದುಬಿಟ್ಟಿದ್ದೆ.

ಆದರೆ ಹೆದರಿದವರೇ ರಾತ್ರಿ ಎದ್ದು ಕೂತು ಚಹಾ ಕುಡಿಯುತ್ತಿದ್ದಿರಬಹುದು, ಅಲ್ವಾ? ಅಥವಾ ಹಿಂದಿನ ಸೆಮಿಸ್ಟರಿನ ವಿಷಯ ಬಾಕಿ ಇದ್ದವರಿಗೆ ನಿದ್ದೆಗೇಡೂ ಜಾಸ್ತಿ, ಚಹಾನೂ ಜಾಸ್ತಿ, ಭಯಾನೂ ಜಾಸ್ತಿ. ಮೂರೂ ಕಥೆಗೆ ಅದೇ ‘ಆರ್’ ಬರುತ್ತದೆ. ಚಹಾದ ಕಾಲಮನ್ನೂ ಆತಂಕದ ಕಾಲಮನ್ನೂ ಅದಲುಬದಲು ಮಾಡಿ ಲೆಕ್ಕ ಹಾಕಿ ನೋಡಿದೆ. ‘ಆರ್’ ಒಂದು ಚೂರೂ ಬದಲಾಗಲಿಲ್ಲ. ಯಾವುದು ಮೊದಲು ಅಂತ ಅದಕ್ಕೇ ಗೊತ್ತಿಲ್ಲ.

“ರಿಂದ ಬೇಕಂದ್ರ ಪ್ರಯೋಗ ಮಾಡು” ಅಂದರು ಮೇಡಂ. ಮಾಡಿದೆ, ಕೆಟ್ಟದಾಗಿ.

ಒಂದು ಗುಂಪಿಗೆ ಒಂದು ಲೋಟ ಚಹಾ, ಇನ್ನೊಂದಕ್ಕೆ ಅಷ್ಟೇ ಬಿಸಿ, ಅಷ್ಟೇ ಸಕ್ಕರೆಯ ಹಾಲು. ಮುಕ್ಕಾಲು ಗಂಟೆ ಬಿಟ್ಟು, ಆ ಕ್ಷಣಕ್ಕೆ ಹೇಗನಿಸುತ್ತಿದೆ ಅಂತ ಕೇಳುವ ಪ್ರಶ್ನಾವಳಿ. ಚಹಾದಲ್ಲಿರುವ ಕೆಫೀನ್ ರಕ್ತದಲ್ಲಿ ಏರಲು ಅಷ್ಟು ಹೊತ್ತು ಬೇಕು. ಇಲ್ಲಿಯವರೆಗೆ ಸರಿ. ಆಮೇಲೆ ನಾನು ಸುಮ್ನೆ ಅನುಕೂಲ ನೋಡಿದೆ. “ಬೆಳಿಗ್ಗೆ ಬಂದವರಿಗೆ ಚಹಾ, ಮಧ್ಯಾಹ್ನ ಬಂದವರಿಗೆ ಹಾಲು, ನಿಮಗೆ ಯಾವಾಗ ಆಗುತ್ತೋ ಬನ್ನಿ” ಅಂದೆ. ಅದು ಏಪ್ರಿಲ್. ಬಳ್ಳಾರಿಯ ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ದಾಟುವುದು ಹೊಸದೇನಲ್ಲ. ಮೂರು ಗಂಟೆಗೆ ಕರೆಂಟ್ ಹೋಯಿತು, ಫ್ಯಾನ್ ನಿಂತಿತು, ಕೈಯಲ್ಲಿ ಬಿಸಿ ಹಾಲು. ಪ್ರಶ್ನಾವಳಿಯಲ್ಲಿ ಒಂದು ಸಾಲು: ‘ನಾನು ಬೆವರುತ್ತಿದ್ದೇನೆ.’ ಎಲ್ಲರೂ ‘ತುಂಬಾ’ ಅನ್ನೋದಕ್ಕೆ ಗುರುತು ಹಾಕಿದರು. ನನ್ನ ಲೆಕ್ಕದಲ್ಲಿ ಹಾಲು ಕುಡಿದವರೇ ಹೆಚ್ಚು ಆತಂಕದವರು!

ಬಿಸಿಲು ಒಂದು ಕಡೆ. ಬೆಳಿಗ್ಗೆ ಬೇಗ ಎದ್ದು ಬರುವವರ ಸ್ವಭಾವವೇ ಬೇರೆ ಇರಬಹುದು ಅನ್ನೋದು ಇನ್ನೊಂದು ಕಡೆ. ಗುಂಪನ್ನು ಅವರವರೇ ಆರಿಸಿಕೊಂಡಿದ್ದರು. ಹೆಸರಿಗೆ ಪ್ರಯೋಗ, ಒಳಗೆ ಅದೇ ಹಳೇ ಸಹಸಂಬಂಧ.

ಎರಡನೇ ಸಲ 48 ಚೀಟಿ ಬರೆದೆ, 24 ‘ಚಾ’, 24 ‘ಹಾಲು’. ಒಂದೇ ಅಳತೆಗೆ ಹರಿದು, ಒಂದೇ ಥರ ಮಡಚಿ, ಮೆಸ್ಸಿನ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಅಲ್ಲಾಡಿಸಿದೆ. ಒಂದೇ ಬೆಳಿಗ್ಗೆ, ಅಕ್ಕಪಕ್ಕದ ಎರಡು ಕೋಣೆ. ಕಾಯಿಲೆ ಇದ್ದವರನ್ನು, ಹಾಲು ಆಗದವರನ್ನು ಚೀಟಿ ಎತ್ತುವ ಮೊದಲೇ ಕೇಳಿ ಕೈಬಿಟ್ಟೆ. ಆದರೂ ಒಬ್ಬಳು ಬಂದಳು: “ಅಕ್ಕ, ನನ್ನ ಗೆಳತಿ ಆ ಕ್ವಾಣ್ಯಾಗ ಅದಾಳ, ಚೀಟಿ ಬದಲಿ ಮಾಡ್ಕೊಳ್ಳಾ?” ಬೇಡ ಅಂದೆ. ಮುಖ ಊದಿಸಿಕೊಂಡು ಹೋದಳು. ಒಂದು ಚೀಟಿ ಬದಲಾದರೆ ಹತ್ತು ಬದಲಾಗುತ್ತವೆ. ಗುಂಪು ಮಾಡುವುದು ಆಗ ಡಬ್ಬಿಯಲ್ಲ, ಹುಡುಗಿಯರ ಸ್ನೇಹ. ಬೇಗ ಏಳುವವರು, ಹೆದರುವವರು, ವಿಷಯ ಬಾಕಿ ಇರುವವರು ಎರಡೂ ಕಡೆ ಯಾರ ಆಯ್ಕೆಯೂ ಇಲ್ಲದೆ ಹಂಚಿಹೋಗಲಿ ಅಂತಲೇ ಈ ಡಬ್ಬಿ. ಸಂಖ್ಯಾಶಾಸ್ತ್ರಜ್ಞ ಫಿಷರ್ 1935ರಲ್ಲಿ ಪ್ರಯೋಗ ವಿನ್ಯಾಸದ ಪುಸ್ತಕ ಬರೆದಾಗ ಕೊಟ್ಟ ಉದಾಹರಣೆಯೂ ಚಹಾದ್ದೇ: ಹಾಲು ಮೊದಲು ಹಾಕಿದ್ದೋ ಚಹಾ ಮೊದಲೋ ಅಂತ ರುಚಿಯಲ್ಲೇ ಹೇಳುತ್ತೇನೆ ಅಂದ ಹೆಂಗಸು, ಎಂಟು ಕಪ್ ಚಹಾ, ಗೊತ್ತುಗುರಿಯಿಲ್ಲದ ಕ್ರಮ.

ಫಲಿತಾಂಶ? ವ್ಯತ್ಯಾಸ ಸಾರ್ಥಕ ಅನ್ನಲು, ಎರಡು ಗುಂಪಿನ ಸರಾಸರಿ ಹೋಲಿಸುವ ಟಿ ಬೆಲೆ 2.01 ದಾಟಬೇಕಿತ್ತು. ದಾಟಲಿಲ್ಲ. ತಾವು ಏನು ಕುಡಿದೆವು ಅಂತ ಎಲ್ಲರಿಗೂ ಗೊತ್ತಿತ್ತು ಅನ್ನೋ ಕೊರತೆಯನ್ನೂ ಬರೆದೆ. ಕೆಫೀನ್ ಇಲ್ಲದ ಚಹಾಪುಡಿ ಊರಲ್ಲಿ ನನಗೆ ಸಿಗಲಿಲ್ಲ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದರು: “ಹಾಗಾದ್ರೆ ಚಹಾಕ್ಕೂ ಆತಂಕಕ್ಕೂ ಸಂಬಂಧ ಇಲ್ಲ ಅಂತಾಯ್ತು, ಅಲ್ವಾ?”

“ಇಲ್ಲ ಸರ್” ಅಂದೆ. “24 ಜನರ ಗುಂಪಿಗೆ ದೊಡ್ಡ ವ್ಯತ್ಯಾಸ ಇದ್ದರಷ್ಟೇ ಕಾಣುತ್ತದೆ, ಚಿಕ್ಕದು ತಪ್ಪಿಹೋಗುತ್ತದೆ. ಮೇಲಾಗಿ ಪ್ರಯೋಗದಲ್ಲಿ ನೋಡಿದ್ದು ಒಂದು ಲೋಟ, ಮುಕ್ಕಾಲು ಗಂಟೆ. ಮೊದಲಿನ ಅಧ್ಯಯನದಲ್ಲಿ ಇದ್ದದ್ದು ತಿಂಗಳುಗಟ್ಟಲೆಯ ಅಭ್ಯಾಸ. ಎರಡೂ ಒಂದೇ ಪ್ರಶ್ನೆ ಅಲ್ಲ.”

ಮೇಡಂ ಪಕ್ಕದಲ್ಲಿ ಕೂತು ಏನೂ ಮಾತಾಡಲಿಲ್ಲ. ಅವರ ಮುಂದಿದ್ದ ಪ್ರತಿಯಲ್ಲಿ ಕೆಂಪು ಗುರುತು ಒಂದೇ ಒಂದು ಇತ್ತು, ಅದೂ ಪುಟಸಂಖ್ಯೆ ತಪ್ಪಿದ್ದಕ್ಕೆ.