ಎಸ್‌ಬಿ37 ಬಂದಾಗ ಸ್ಪೇಸ್ ಹೆಚ್ಚಿಸುವ ಮೊದಲು ಬ್ಲಾಕ್ ಸೈಜ್ ನೋಡಿ

ತುಮಕೂರಿನ ಮನೆಯಿಂದ ನೋಡಿಕೊಳ್ಳುವ ಐಬಿಎಂ ಮೇನ್‌ಫ್ರೇಮ್‌ನ ರಾತ್ರಿ ಬ್ಯಾಚ್‌ನಲ್ಲಿ ಒಂದು ಕೋಬಾಲ್ ಜಾಬ್ ಎಸ್‌ಬಿ37-04, ಅಂದರೆ ಫೈಲ್‌ಗೆ ಡಿಸ್ಕ್ ಜಾಗ ಸಾಲದೆಂಬ ದೋಷ ಸಂಕೇತ, ಕೊಟ್ಟು ನಿಂತಿತು. ಐಎಸ್‌ಪಿಎಫ್ 3.4ರಲ್ಲಿ (ಫೈಲ್‌ಗಳ ಪಟ್ಟಿ ತೋರಿಸುವ ಪರದೆ) ಅದರ ಔಟ್‌ಪುಟ್ ಫೈಲ್ ನೋಡಿದರೆ ಎಕ್ಸ್‌ಟೆಂಟ್, ಅಂದರೆ ಫೈಲ್‌ಗೆ ಸಿಕ್ಕ ಜಾಗದ ತುಂಡುಗಳು, 16; ಆ ವಾಲ್ಯೂಮ್‌ನಲ್ಲಿ ಇನ್ನು ಬೆಳೆಯುವಂತಿಲ್ಲ. ಇಂಥ ಹೊತ್ತಲ್ಲಿ ಪ್ರೈಮರಿ (ಫೈಲ್‌ಗೆ ಮೊದಲು ಕೇಳುವ ಜಾಗ) ಹೆಚ್ಚಿಸೋಣ ಅನ್ನಿಸುವುದು ಸಹಜ. ಆದರೆ ರೋಗ ಅಲ್ಲಿರಲಿಲ್ಲ.

ರೆಕಾರ್ಡ್ ಉದ್ದ 80 ಬೈಟ್, ಬ್ಲಾಕ್ ಸೈಜ್ (ಡಿಸ್ಕ್‌ಗೆ ಒಟ್ಟಿಗೆ ಬರೆಯುವ ಗುಂಪಿನ ಗಾತ್ರ) ಕೂಡ 80! 3390 ಡಿಸ್ಕ್‌ನ ಒಂದು ಟ್ರ್ಯಾಕ್‌ಗೆ 56,664 ಬೈಟ್ ಹಿಡಿಯುತ್ತದೆ. ಆದರೆ ಪ್ರತಿ ಬ್ಲಾಕ್‌ಗೂ ಗ್ಯಾಪ್ ಬೇಕಾದ್ದರಿಂದ ಹೀಗೆ ಬರೆದರೆ 78 ರೆಕಾರ್ಡ್ ಮಾತ್ರ ಹಿಡಿಸುತ್ತವೆ. ಮೂಟೆಗೊಂದೇ ಕೊಬ್ಬರಿ ಹಾಕಿ ಅಟ್ಟ ತುಂಬಿತು ಅಂದ ಹಾಗೆ. ಬ್ಲಾಕ್ 27,920 ಮಾಡಿದರೆ ಟ್ರ್ಯಾಕ್‌ಗೆ ಎರಡು ಬ್ಲಾಕ್, 698 ರೆಕಾರ್ಡ್.

ಕಾರಣ ಪ್ರೋಗ್ರಾಂನ ಎಫ್‌ಡಿಯಲ್ಲಿತ್ತು (ಫೈಲ್ ವಿವರ ಬರೆಯುವ ಭಾಗ): ‘ಬ್ಲಾಕ್ ಕಂಟೇನ್ಸ್’ ಸಾಲೇ ಇಲ್ಲ. ಅದಿಲ್ಲದಿದ್ದರೆ ಕೋಬಾಲ್ ಒಂದೊಂದೇ ರೆಕಾರ್ಡನ್ನು ಬ್ಲಾಕ್ ಮಾಡಿ ಬರೆಯುತ್ತದೆ. ‘ಬ್ಲಾಕ್ ಕಂಟೇನ್ಸ್ 0 ರೆಕಾರ್ಡ್ಸ್’ ಸೇರಿಸಿ ಕಂಪೈಲ್ ಮಾಡಿದೆ, ಜಾಬ್ ಓಡಿಸುವ ಜೆಸಿಎಲ್‌ನಲ್ಲಿದ್ದ ಬ್ಲಾಕ್ ಸೈಜ್ ತೆಗೆದು ಗಾತ್ರವನ್ನು ಸಿಸ್ಟಂಗೇ ಬಿಟ್ಟೆ. ಸ್ಪೇಸ್ ಪ್ಯಾರಾಮೀಟರ್‌ಗೆ ಆರ್‌ಎಲ್‌ಎಸ್‌ಇ ಸೇರಿಸಿದ್ದರಿಂದ ಬಳಸದ ಜಾಗ ಫೈಲ್ ಮುಚ್ಚುವಾಗ ವಾಪಸ್ ಬರುತ್ತದೆ. ಹಳೇ ಫೈಲ್ ಅಳಿಸಿ ಜಾಬ್ ಮತ್ತೆ ಓಡಿಸಿದಾಗ ಸಲೀಸಾಗಿ ಮುಗಿಯಿತು.

ಹಲವು ಮೆಂಬರ್‌ಗಳನ್ನು ಒಂದೇ ಫೈಲ್‌ನಲ್ಲಿಡುವ ಪಿಡಿಎಸ್ ಲೈಬ್ರರಿ ತುಂಬಿದ್ದರೆ ದಾರಿ ಬೇರೆ: ಐಇಬಿಕಾಪಿ ಯುಟಿಲಿಟಿಯಿಂದ ಕಂಪ್ರೆಸ್ ಮಾಡಿ, ಅಂದರೆ ಹಳೇ ಆವೃತ್ತಿಗಳು ಹಿಡಿದ ಜಾಗ ಬಿಡಿಸಿ. ಮೊದಲು ಬ್ಯಾಕಪ್ ತೆಗೆಯಿರಿ, ಬೇರೆ ಜಾಬ್ ಆ ಹೊತ್ತಲ್ಲಿ ಲೈಬ್ರರಿ ಮುಟ್ಟದಂತೆ ಜೆಸಿಎಲ್‌ನಲ್ಲಿ ಡಿಸ್ಪ್ ಓಲ್ಡ್ ಕೊಡಿ. ಕಂಪ್ರೆಸ್ ನಡುವೆ ಜಾಬ್ ನಿಂತರೆ ಲೈಬ್ರರಿಯೇ ಕೆಡಬಹುದು.