ಎರಡು ಆಕ್ಸಲ್ ಟ್ರೇಲರ್ ಪಂಚರ್ ಆದ್ರೆ ಜಾಕ್ ಬಿಡಿ, ಹಲಗೆ ತೆಗೀರಿ

ಪಂಚರ್ ಆಗಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಮಲಗೋಕೆ, ಅಡುಗೆಗೆ ಎಲ್ಲ ವ್ಯವಸ್ಥೆ ಇರುವ ಟ್ರೇಲರನ್ನು ಕಾರಿನ ಹಿಂದೆ ಕಟ್ಟಿಕೊಂಡು, ನೆಲಮಂಗಲದಲ್ಲಿ ಹಾಸನದ ರಸ್ತೆಗೆ ತಿರುಗಿ ಆರಾಮಾಗಿ ಹೋಗುತ್ತಿದ್ದೆ. ಪಕ್ಕದಲ್ಲಿ ಬಂದ ಟೆಂಪೋದವನು ಹಾರ್ನ್ ಹೊಡೆದು ಹಿಂದಕ್ಕೆ ಕೈ ತೋರಿಸಿದ. ಇಳಿದು ನೋಡಿದರೆ ಎಡಗಡೆ ಹಿಂದಿನ ಟೈರ್ ಚಿಂದಿ ಚಿಂದಿ, ಅದರ ರಬ್ಬರ್ ಪಟ್ಟಿ ಬಡಿದು ಬಡಿದು ಮಡ್‌ಗಾರ್ಡ್ ಹರಿದು, ಬ್ರೇಕ್ ವೈರ್ ಬೇರೆ ನೇತಾಡುತ್ತಿತ್ತು. ಎರಡು ಆಕ್ಸಲ್, ಅಂದರೆ ಒಂದೊಂದು ಬದಿಗೂ ಹಿಂದೆ ಮುಂದೆ ಎರಡು ಚಕ್ರ, ಇದ್ದರೆ ಹೀಗೇ. ಒಂದು ಟೈರ್ ಹೋದರೆ ಪಕ್ಕದ್ದು ಅದರ ಭಾರವನ್ನೂ ಹೊತ್ತುಕೊಂಡುಬಿಡುತ್ತದೆ, ಸ್ಟೇರಿಂಗ್ ಹಿಡಿದವನಿಗೆ ಏನೂ ಅನಿಸೋದಿಲ್ಲ. ಅದಕ್ಕೇ ಕನ್ನಡಿ ನೋಡುತ್ತಾ ಇರಿ.

ಮೊದಲು ಜಾಗ ನೋಡಿ. ಬಲಗಡೆ ಟೈರ್ ಹೋಗಿದ್ದರೆ ನೀವು ಕೂರಬೇಕಾಗಿರೋದು ಲಾರಿ ಬರುವ ಕಡೆ, ನೆನಪಿರಲಿ. ನಿಧಾನಕ್ಕೆ, ನಡೆಯುವ ವೇಗದಲ್ಲಿ, ಸಮತಟ್ಟಾದ ಗಟ್ಟಿ ನೆಲ ಸಿಗುವ ತನಕ ಹೋಗಿ. ರಿಮ್ ಹಾಳಾದರೆ ಆಗಲಿ, ಕಾಲು ಉಳಿಯುತ್ತದಲ್ವಾ? ಹೆದ್ದಾರಿಯಲ್ಲಿ ಜಾಗವೇ ಸಿಗದಿದ್ದರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ.

ಕಾರಿನಿಂದ ಟ್ರೇಲರ್ ಬಿಚ್ಚಬೇಡಿ. ಹ್ಯಾಂಡ್‌ಬ್ರೇಕ್ ಎಳೆಯಿರಿ, ಒಳಗಿರುವವರನ್ನೆಲ್ಲ ಇಳಿಸಿ. ಪಂಚರ್ ಆದ ಚಕ್ರದ ನಟ್‌ಗಳನ್ನು ಈಗಲೇ, ಟೈರ್ ನೆಲದ ಮೇಲಿರುವಾಗಲೇ, ಕಾಲು ಸುತ್ತು ಸಡಿಲ ಮಾಡಿ. ಬಿಗಿ ಬಿಟ್ಟರೆ ಸಾಕು, ಪೂರ್ತಿ ಬಿಚ್ಚಬಾರದು.

ಈಗ ಹಲಗೆ. ಇದೊಂದು ಗೊತ್ತಿದ್ದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಅದೇ ಕಡೆಯ ಒಳ್ಳೆ ಟೈರನ್ನು ಎತ್ತರಕ್ಕೆ ಹತ್ತಿಸಿದರೆ ಪಂಚರ್ ಆದದ್ದು ತಾನಾಗಿ ಗಾಳಿಯಲ್ಲಿ ನಿಲ್ಲುತ್ತದೆ. ಹಿಂದಿನದು ಹೋಗಿದ್ದರೆ ಹಲಗೆಗಳನ್ನು ಮುಂದಿನ ಟೈರಿನ ಮುಂದೆ ಇಟ್ಟು ಕಾರು ಮುಂದಕ್ಕೆ ಬಿಡಿ. ಮುಂದಿನದು ಹೋಗಿದ್ದರೆ ಹಿಂದಿನ ಟೈರಿನ ಹಿಂದೆ ಇಟ್ಟು ರಿವರ್ಸ್ ಹೋಗಿ. ನಾನು ಮರದ ಅಂಗಡಿಯಲ್ಲಿ 9 ಇಂಚು ಅಗಲ, 2 ಇಂಚು ದಪ್ಪದ ಮೂರು ತುಂಡು ಕೊಯ್ಯಿಸಿದ್ದೇನೆ: ಕೆಳಗಿನದು 30 ಇಂಚು ಉದ್ದ, ನಡುವಿನದು 22, ಮೇಲಿನದು 14. ಆಚೆ ತುದಿ ಸಮ ಮಾಡಿ ಮೊಳೆ ಹೊಡೆದರೆ ಈ ಕಡೆ ಮೆಟ್ಟಿಲಿನ ಥರ ಆಗುತ್ತದೆ. ಆಚೆ ತುದಿಯಲ್ಲಿ ಒಂದು ಅಡ್ಡಪಟ್ಟಿ ಹೊಡೆದಿದ್ದೇನೆ, ಟೈರ್ ಅದಕ್ಕೆ ತಾಗಿದ ಕೂಡಲೇ ಪಕ್ಕದಲ್ಲಿ ನಿಂತವರು ‘ಸಾಕು’ ಅಂತ ಕೂಗಬಹುದು. ಹಲಗೆ ಇದಕ್ಕಿಂತ ಉದ್ದ ಇದ್ದರೆ ಪಂಚರ್ ಟೈರಿನ ಕೆಳಗೇ ಹೋಗಿ ಕೂರುತ್ತದೆ, ಸುಮ್ನೆ ತೊಂದರೆ. ಹತ್ತಿದ ಮೇಲೆ ಮತ್ತೆ ಹ್ಯಾಂಡ್‌ಬ್ರೇಕ್ ಎಳೆದು, ಇನ್ನೊಂದು ಬದಿಯ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಟ್ರೇಲರ್ ಕೆಳಗೆ ಮಾತ್ರ ತೂರಬೇಡಿ.

ಜಾಕ್ ಹಾಕಲೇಬೇಕಾಗಿ ಬಂದರೆ ಆಕ್ಸಲ್ ಕೊಳವೆಯ ಕೆಳಗೆ ಬೇಡವೇ ಬೇಡ. ಒಮ್ಮೆ ಪಂಚರ್ ಅಂಗಡಿಯ ಹುಡುಗ ಲಾರಿಗೆ ಹಾಕುವ ಹಾಗೆ ಅಲ್ಲೇ ಕೊಟ್ಟ, ನಾನೂ ಸುಮ್ಮನೆ ನೋಡುತ್ತಾ ನಿಂತಿದ್ದೆ. ಕೊಳವೆ ಬಗ್ಗಿತು, ಆಮೇಲೆ ಆ ಕಡೆ ಹಾಕಿದ ಟೈರೆಲ್ಲ ಒಂದೇ ಅಂಚಿನಲ್ಲಿ ಸವೆಯಿತು. ಜಾಕ್ ಕೊಡಬೇಕಾದದ್ದು ಚಾಸಿಗೆ, ಹಿಂದಿನ ಸ್ಪ್ರಿಂಗ್ ನೇತುಹಾಕಿರುವ ಜಾಗದ ಹತ್ತಿರ. ಮೂಲೆಗಳಲ್ಲಿರುವ ನಾಲ್ಕು ಕಾಲುಗಳು ಟ್ರೇಲರ್ ಅಲ್ಲಾಡದಿರಲಿ ಅಂತ ಇರೋದು, ಎತ್ತೋಕಲ್ಲ.

ಸ್ಟೆಪ್ನಿ ಕೂರಿಸಿ, ನಟ್‌ಗಳನ್ನು ಕೈಯಲ್ಲೇ ತಿರುಗಿಸಿ, ಆಮೇಲೆ ಎದುರು ಬದುರು ಬಿಗಿ ಮಾಡಿ. ಹಲಗೆಯಿಂದ ಇಳಿಸಿದ ಮೇಲೆ ಟಾರ್ಕ್ ರೆಂಚ್, ಅಂದರೆ ಎಷ್ಟು ಬಿಗಿಯಾಯಿತು ಅಂತ ಅಳೆಯುವ ಪಾನಾ, ಹಿಡಿಯಿರಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದು ಕೊಂಡಿಟ್ಟುಕೊಳ್ಳಿ, ಪಾನಾ ಮೇಲೆ ಹತ್ತಿ ಕುಣಿಯೋದು ಲೆಕ್ಕಕ್ಕೆ ಬರೋದಿಲ್ಲ. ಅರ್ಧ ಇಂಚಿನ ಸ್ಟಡ್‌ಗೆ (ನಟ್ ಕೂರುವ ಬೋಲ್ಟ್) ಸಾಮಾನ್ಯವಾಗಿ 90ರಿಂದ 120 ಫುಟ್-ಪೌಂಡ್, ನಿಮ್ಮ ಟ್ರೇಲರ್ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಸರಿ. ಹೊಸದಾಗಿ ಹಾಕಿದ ಚಕ್ರದ ನಟ್ ಓಡುತ್ತಾ ಸಡಿಲ ಆಗುತ್ತದೆ. ಹಾಗಾಗಿ 15, 40, 80 ಕಿ.ಮೀ. ಆದಾಗ ಮತ್ತೆ ನೋಡಬೇಕು. ನಾನು ಎರಡನೇ ಸಲ ಕುಣಿಗಲ್‌ನಲ್ಲಿ ಟೀ ಕುಡಿಯೋಕೆ ನಿಂತಾಗ ನೋಡಿದೆ, ಎರಡು ನಟ್ ಇನ್ನೂ ಸ್ವಲ್ಪ ತಿರುಗಿದವು.

ಗಾಳಿ ವಿಷಯ. ಪಂಚರ್ ಅಂಗಡಿಯಲ್ಲಿ ಕಾರಿನ ಅಭ್ಯಾಸಕ್ಕೆ 35 ಹೊಡೆದುಬಿಡುತ್ತಾರೆ. ಟ್ರೇಲರ್ ಟೈರಿಗೆ ಪಕ್ಕದಲ್ಲಿ ಬರೆದಷ್ಟು ಬೇಕು, ಎಷ್ಟು ಭಾರ ಹೊರುತ್ತದೆ ಅಂತ ಹೇಳುವ ಅಕ್ಷರ (ಲೋಡ್ ರೇಂಜ್) ಸಿ ಆದರೆ 50 ಪಿಎಸ್ಐ, ಡಿ ಆದರೆ 65, ಇ ಆದರೆ 80, ಟೈರ್ ತಣ್ಣಗಿದ್ದಾಗ. ಗಾಳಿ ಕಡಿಮೆಯಾದರೆ ಟೈರ್ ಬಿಸಿಯಾಗಿ ಮತ್ತೆ ಒಡೆಯುತ್ತದೆ. ಎರಡರ ಭಾರ ಹೊತ್ತ ಪಕ್ಕದ ಟೈರನ್ನೂ ಸವರಿ ನೋಡಿ, ಉಬ್ಬು ಕಂಡರೆ ಅದೂ ಹೋಯಿತು ಅಂತಲೇ ಲೆಕ್ಕ. ಸ್ಟೆಪ್ನಿಗೂ ವಯಸ್ಸಾಗುತ್ತದೆ: ಪಕ್ಕದ ನಾಲ್ಕು ಅಂಕಿಯಲ್ಲಿ 2319 ಇದ್ದರೆ 2019ರ 23ನೇ ವಾರದ್ದು, ಓಡಿಸಿಲ್ಲ ಅಂದರೂ ಹಳೇದೇ.

ಒಂದು ಭಾನುವಾರ ಬೆಳಿಗ್ಗೆ ನಿಮ್ಮ ಲೇಔಟಿನ ಖಾಲಿ ರಸ್ತೆಯಲ್ಲಿ ಒಮ್ಮೆ ಹಲಗೆ ಹತ್ತಿಸಿ ನೋಡಿ. ಕೆಲವು ಟ್ರೇಲರ್‌ಗೆ 6 ಇಂಚು ಸಾಲದೆ ಇನ್ನೊಂದು ತುಂಡು ಬೇಕಾಗುತ್ತದೆ, ಅದು ಮನೆ ಹತ್ತಿರವೇ ಗೊತ್ತಾಗಲಿ. ಹಲಗೆ ಇಡೋದು ಕಾರಿನ ಡಿಕ್ಕಿಯಲ್ಲಿ. ನಾನು ಟ್ರೇಲರ್ ಮಂಚದ ಕೆಳಗಿಟ್ಟಿದ್ದೆ, ಆವತ್ತು ಅದನ್ನು ತೆಗೆಯೋಕೆ ಎರಡು ಹಾಸಿಗೆ, ಒಂದು ಗ್ಯಾಸ್ ಸ್ಟೌ, ಹತ್ತು ಕೆಜಿ ಅಕ್ಕಿ ಎಲ್ಲ ರಸ್ತೆ ಬದಿಗೆ ಬಂತು.