ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಸಾಮಾಜಿಕ ಉದ್ಯಮ ಕಲಿಸುವುದು ಹೇಗೆ?

ಏಪ್ರಿಲ್ ಬಂತೆಂದರೆ ಊರೂರಿನಲ್ಲಿ ಬೇಸಿಗೆ ಶಿಬಿರಗಳ ಬ್ಯಾನರ್‌ಗಳು ಏಳುತ್ತವೆ. ಚಿತ್ರಕಲೆ, ಈಜು, ಅಬಾಕಸ್‌ಗಳ ಸಾಲಿಗೆ ಈಚೆಗೆ ‘ಯುವ ಉದ್ಯಮಿ’ ಶಿಬಿರವೂ ಸೇರಿಕೊಂಡಿದೆ. ಇಂಥ ಕೆಲವು ಶಿಬಿರಗಳ ಕೊನೆಯ ದಿನಕ್ಕೆ ನಾನು ಅತಿಥಿಯಾಗಿ ಹೋಗಿದ್ದೇನೆ. ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ದೃಶ್ಯ. ಮಕ್ಕಳು ಬಣ್ಣ ಬಳಿದ ಹಣತೆ, ಕಾಗದದ ಚೀಲ, ನಿಂಬೆ ಪಾನಕ ಇಟ್ಟುಕೊಂಡು ಮೇಜಿನ ಹಿಂದೆ ನಿಂತಿರುತ್ತಾರೆ. ಅವರವರ ಅಪ್ಪ, ಅಮ್ಮ, ಅಜ್ಜಿಯರು ನೂರರ ನೋಟು ಕೊಟ್ಟು, ಚಿಲ್ಲರೆ ಕೇಳದೆ ಕೊಳ್ಳುತ್ತಾರೆ. ಕೂಡಿದ ಹಣವನ್ನು ಯಾವುದೋ ಆಶ್ರಮಕ್ಕೆ ಒಪ್ಪಿಸಿ ಫೋಟೊ ತೆಗೆಸಿಕೊಳ್ಳುವಲ್ಲಿಗೆ ಕಾರ್ಯಕ್ರಮ ಮುಗಿಯುತ್ತದೆ. ದಾನ ಒಳ್ಳೆಯದೇ, ಆದರೆ ಅದನ್ನು ಕಲಿಸಲು ಮೂರು ವಾರದ ಶಿಬಿರ ಬೇಕಿಲ್ಲ. ಅಮ್ಮ ಕೊಂಡದ್ದನ್ನು ಮಾರಾಟವೆಂದು ಲೆಕ್ಕ ಬರೆಯಬಾರದು ಎಂಬುದು ನಮ್ಮ ಶಿಬಿರದ ಮೊದಲ ನಿಯಮ.

ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಆರು ಬೇಸಿಗೆಗಳಿಂದ ನಾವು ಕೆಲವರು ಇಂಥ ಶಿಬಿರ ನಡೆಸುತ್ತಿದ್ದೇವೆ. ಮೊದಲ ಎರಡು ವರ್ಷ ನಾವೂ ಹಣತೆಯನ್ನೇ ಮಾರಿಸಿದ್ದೆವು ಎಂಬುದನ್ನು ಮುಚ್ಚಿಡುವುದಿಲ್ಲ.

ತಯಾರಿ

ಎಂಟರಿಂದ ಹತ್ತನೆಯ ತರಗತಿಯ ಹನ್ನೆರಡು ಮಕ್ಕಳು, ನಾಲ್ವರಂತೆ ಮೂರು ಗುಂಪು, ಗುಂಪಿಗೊಬ್ಬರು ಹಿರಿಯರು, ಮೂರು ವಾರ, ಬೆಳಿಗ್ಗೆ 7ರಿಂದ 11ರವರೆಗೆ, ವಾರಕ್ಕೆರಡು ದಿನ ಮಾತ್ರ ಮಧ್ಯಾಹ್ನ: ಇಷ್ಟು ಸಾಕು. ಪೋಷಕರ ಒಪ್ಪಿಗೆ ಪತ್ರ ಬರಹದಲ್ಲಿರಲಿ. ಟೀ ಶರ್ಟು, ಬ್ಯಾಡ್ಜು, ‘ಸಿಇಒ’ ಎಂದು ಬರೆದ ಪ್ರಮಾಣಪತ್ರಗಳನ್ನು ಒಟ್ಟಾಗಿ ಕಿಟ್ ಮಾಡಿ ಮಾರುವವರು ಬರುತ್ತಾರೆ. ಅವರನ್ನು ಬಾಗಿಲಿನಿಂದಲೇ ಕಳುಹಿಸಿ. ಆ ಹಣದಲ್ಲಿ ಗುಂಪಿಗೆ ಎರಡು ಸಾವಿರದಂತೆ ಬಂಡವಾಳ ಕೊಡಬಹುದು. ಕೊಡುವಾಗ ಸಾಲವೆಂದೇ ಕೊಡಿ. 18 ವರ್ಷ ತುಂಬದವರು ಮಾಡಿಕೊಂಡ ಕರಾರು 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ನಿಲ್ಲುವುದಿಲ್ಲವಾದ್ದರಿಂದ ಕಾಗದಕ್ಕೆ ಹಿರಿಯರೇ ಸಹಿ ಹಾಕಬೇಕು. ಲೆಕ್ಕದ ಪುಸ್ತಕ ಮಾತ್ರ ಮಕ್ಕಳ ಕೈಯಲ್ಲೇ ಇರಬೇಕು.

ಸಾಮಾಜಿಕ ಉದ್ಯಮವೆಂದರೇನು ಎಂದು ವಿವರಿಸಲು ಒಂದು ಗಂಟೆಗಿಂತ ಹೆಚ್ಚು ಕಳೆಯಬೇಡಿ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದನ್ನೂ, 1959ರಲ್ಲಿ ಮುಂಬಯಿಯ ಏಳು ಹೆಂಗಸರು 80 ರೂಪಾಯಿ ಸಾಲದಿಂದ ಲಿಜ್ಜತ್ ಹಪ್ಪಳ ಶುರು ಮಾಡಿದ್ದನ್ನೂ ಹೇಳಿದರೆ ಸಾಕು. ಜನರ ಒಂದು ತೊಂದರೆಯನ್ನು ನೀಗಿಸಬೇಕು, ಹಾಗೆ ನೀಗಿಸುವ ಕೆಲಸ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಬೇಕು ಎಂಬ ಎರಡು ಮಾತು ಮಕ್ಕಳಿಗೆ ಹೊಳೆದರೆ ಮರುದಿನವೇ ಬೀದಿಗೆ ಕರೆದೊಯ್ಯಿರಿ.

ತೊಂದರೆ ಹುಡುಕುವುದು

ಶಿಬಿರ ಕೆಡುವುದು ಇಲ್ಲೇ. ಹದಿನಾಲ್ಕರ ಮಕ್ಕಳನ್ನು ‘ನಮ್ಮೂರಿನ ಸಮಸ್ಯೆ ಯಾವುದು?’ ಎಂದು ಕೇಳಿದರೆ ಪ್ಲಾಸ್ಟಿಕ್, ಟ್ರಾಫಿಕ್, ನೀರು ಎಂದು ಪ್ರಬಂಧದ ಉತ್ತರ ಬರುತ್ತದೆ. ಪರಿಹಾರವೂ ಜೊತೆಗೇ ಸಿದ್ಧವಾಗಿರುತ್ತದೆ: ಬಟ್ಟೆ ಚೀಲ ಇಲ್ಲವೇ ಆ್ಯಪ್. ಮೂರು ವರ್ಷದ ಹಿಂದೆ ಒಂದು ಗುಂಪು ಸೊಪ್ಪು ಮಾರುವವರಿಗೆ ಬಟ್ಟೆ ಚೀಲ ಹೊಲಿದುಕೊಡುವುದೆಂದು ತೀರ್ಮಾನಿಸಿಯೇ ಮಾರುಕಟ್ಟೆಗೆ ಹೋಗಿತ್ತು. ‘ಬಟ್ಟೆ ಚೀಲ ಕೊಟ್ಟರೆ ತಗೋತೀರಾ ಅಜ್ಜಿ?’ ಎಂದು ಕೇಳಿದ್ದಕ್ಕೆ ಅಜ್ಜಿ ‘ಹೂಂ, ಕೊಡ್ರವ್ವ’ ಎಂದರು. ಕೇಳಿದ ಹನ್ನೊಂದು ಜನರಲ್ಲಿ ಹತ್ತು ಜನ ಹೂಂ ಎಂದರು. ಸಮೀಕ್ಷೆ ಯಶಸ್ವಿಯಾಯಿತೆಂದು ಮಕ್ಕಳು ಕುಣಿಯುತ್ತ ಬಂದರು. ಅಕ್ಕರೆಯಿಂದ ಕೇಳುವ ಮಗುವಿಗೆ ಬೇಡ ಎನ್ನುವ ಅಜ್ಜಿ ನಮ್ಮ ಕಡೆ ಸಿಗುವುದಿಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ. ಹತ್ತು ರೂಪಾಯಿಯ ಸೊಪ್ಪಿಗೆ ಹದಿನೈದು ರೂಪಾಯಿಯ ಚೀಲವನ್ನು ಕೊಳ್ಳುವವರು ಯಾರು ಎಂಬ ಪ್ರಶ್ನೆಯೂ ಏಳಲಿಲ್ಲ.

ಆದ್ದರಿಂದ ಬೀದಿಗೆ ಹೋಗುವ ಮುನ್ನ ಪ್ರಶ್ನೆಗಳನ್ನು ಬರೆಸಿ, ಅದರಲ್ಲಿ ‘ಬೇಕಾ’, ‘ತಗೋತೀರಾ’, ‘ಮುಂದೆ’ ಎಂಬ ಪದಗಳಿದ್ದ ವಾಕ್ಯಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ. ನಾಳೆಯ ಬಗ್ಗೆ ಕೇಳಿದರೆ ಜನ ಮರ್ಯಾದೆಗೆ ಉತ್ತರಿಸುತ್ತಾರೆ, ನಿನ್ನೆಯ ಬಗ್ಗೆ ಕೇಳಿದರೆ ನಡೆದದ್ದನ್ನು ಹೇಳುತ್ತಾರೆ. ‘ನಿನ್ನೆ ಎಷ್ಟು ಕಟ್ಟು ತಂದಿರಿ? ಸಂಜೆಗೆ ಎಷ್ಟು ಉಳಿಯಿತು? ಉಳಿದದ್ದನ್ನು ಏನು ಮಾಡಿದಿರಿ?’ ಎಂಬ ಮೂರು ಪ್ರಶ್ನೆ ಒಂದು ಪುಟದ ಪ್ರಶ್ನಾವಳಿಗಿಂತ ಹೆಚ್ಚು ಕೆಲಸ ಮಾಡುತ್ತವೆ. ಗೂಗಲ್ ಫಾರ್ಮ್ ಬೇಡವೇ ಬೇಡ. ಮೊಬೈಲ್ ಹಿಡಿದು ಎದುರಿಗೆ ನಿಂತವರನ್ನು ಕಂಡರೆ ವ್ಯಾಪಾರಿಗಳು ಪುರಸಭೆಯವರೆಂದೋ ವೀಡಿಯೊ ಮಾಡುವವರೆಂದೋ ಗಾಬರಿಯಾಗುತ್ತಾರೆ.

ಹೊತ್ತೂ ಮುಖ್ಯ. ಬೋಣಿ ಆಗುವ ಮೊದಲು ಯಾರ ಮುಂದೆಯೂ ನಿಂತು ಪ್ರಶ್ನೆ ಕೇಳಬಾರದು; ಅಂದಿನ ವ್ಯಾಪಾರ ಕೆಟ್ಟರೆ ಆ ಮಾತು ಮಕ್ಕಳ ತಲೆಗೇ ಬರುತ್ತದೆ. ಮಧ್ಯಾಹ್ನ ಎರಡೂವರೆಯಿಂದ ಮೂರೂವರೆಯ ನಡುವೆ ಗಿರಾಕಿಗಳು ಇರುವುದಿಲ್ಲ, ಮಾತಿಗೆ ಜನ ಬೇಕಾಗಿರುತ್ತದೆ. ಮೊದಲು ಒಂದು ಕಟ್ಟು ಸೊಪ್ಪು ಕೊಂಡು, ಚೌಕಾಸಿ ಮಾಡದೆ ದುಡ್ಡು ಕೊಟ್ಟು, ಆಮೇಲೆ ಅನುಮತಿ ಕೇಳಿ ಪಕ್ಕದಲ್ಲಿ ಕುಳಿತುಕೊಳ್ಳಲಿ. ನಿಂತು ಕೇಳುವುದು ವಿಚಾರಣೆಯಂತಿರುತ್ತದೆ. ಒಬ್ಬರು ಮಾತನಾಡಬೇಕು, ಒಬ್ಬರು ಕೇಳಿದ ಮಾತನ್ನು ಅದೇ ಮಾತಿನಲ್ಲಿ ಬರೆದುಕೊಳ್ಳಬೇಕು, ಮೂರನೆಯವರು ವ್ಯಾಪಾರಿಯ ಕೈಗಳನ್ನು ನೋಡುತ್ತಿರಬೇಕು.

ಈ ಕೈ ನೋಡುವ ಕೆಲಸವನ್ನು ಮಾತು ಕಡಿಮೆಯಿರುವ ಮಗುವಿಗೆ ಒಪ್ಪಿಸಿ. ಬಟ್ಟೆ ಚೀಲದ ಗುಂಪನ್ನು ಎರಡನೆಯ ಬಾರಿ ಕಳುಹಿಸಿದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಗಮನಿಸಿದ್ದು ಇದು: ಅಜ್ಜಿಯ ಬಳಿ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದ ನೀರಿನ ಬಾಟಲಿ ಇತ್ತು, ಅರ್ಧ ಗಂಟೆಗೊಮ್ಮೆ ಅದನ್ನು ಸೊಪ್ಪಿನ ಮೇಲೆ ಅಲ್ಲಾಡಿಸುತ್ತಿದ್ದರು, ನೀರು ಮುಗಿದಾಗ ಪಕ್ಕದವರಿಗೆ ‘ನೋಡ್ಕೊಳ್ರವ್ವ’ ಎಂದು ಹೇಳಿ ರಸ್ತೆ ದಾಟಿ ಹೋಟೆಲಿನ ನಲ್ಲಿಗೆ ಹೋಗುತ್ತಿದ್ದರು. ಒಂದೂವರೆ ಗಂಟೆಯಲ್ಲಿ ಎರಡು ಸಲ. ಎಂಬತ್ತು ಕಟ್ಟು ತಂದರೆ ಇಪ್ಪತ್ತು ಕಟ್ಟು ನಾಲ್ಕು ಗಂಟೆಯ ಹೊತ್ತಿಗೆ ಬಾಡಿ ಅರ್ಧ ಬೆಲೆಗೆ ಹೋಗುತ್ತದೆ ಎಂಬುದು ನಿನ್ನೆಯ ಬಗ್ಗೆ ಕೇಳಿದ ಪ್ರಶ್ನೆಗಳಿಂದ ತಿಳಿಯಿತು. ಅಜ್ಜಿಯ ತೊಂದರೆ ಚೀಲದ್ದಾಗಿರಲಿಲ್ಲ, ಬಿಸಿಲಿನದಾಗಿತ್ತು. ಇದು ಬಾಯಿ ಬಿಟ್ಟು ಹೇಳಿದ ತೊಂದರೆಯೂ ಅಲ್ಲ. ನಲವತ್ತು ವರ್ಷ ಹೀಗೇ ನಡೆದಿರುವುದರಿಂದ ಅದನ್ನು ತೊಂದರೆಯೆಂದು ಎಣಿಸುವುದನ್ನೇ ಅವರು ಬಿಟ್ಟಿದ್ದರು.

ಒಂದೇ ಭೇಟಿಗೆ ತೃಪ್ತರಾಗಬೇಡಿ. ಬೇರೆ ಬೇರೆ ದಿನ ಮೂರು ಸಲ, ಅದರಲ್ಲೊಂದು ಸಂತೆಯ ದಿನ, ಹೋಗಲೇಬೇಕು. ಒಂದು ವಾರ ಪೂರ್ತಿ ಇದರಲ್ಲೇ ಕಳೆದರೆ ಪೋಷಕರು ‘ಮಕ್ಕಳು ಏನೂ ತಯಾರಿಸಲೇ ಇಲ್ಲವಲ್ಲ’ ಎಂದು ದೂರುತ್ತಾರೆ. ದೂರಲಿ.

ತಯಾರಿಸಿ ನೋಡುವುದು

ಹೊಸದೇನನ್ನೋ ಕಂಡುಹಿಡಿಯುವಂತೆ ಮಕ್ಕಳನ್ನು ಒತ್ತಾಯಿಸಬಾರದು. ಇರುವುದನ್ನು ಹುಡುಕಿ ತಂದರೂ ಅದು ಉದ್ಯಮವೇ. ಸೊಪ್ಪಿನ ಗುಂಪು ಆರಿಸಿಕೊಂಡದ್ದು ಮಡಕೆಯೊಳಗೆ ಮಡಕೆ ಇಡುವ ವಿಧಾನ. ನೈಜೀರಿಯದ ಶಿಕ್ಷಕ ಮೊಹಮ್ಮದ್ ಬಾ ಅಬ್ಬಾ ಇದನ್ನು ತಮ್ಮ ಊರುಗಳಲ್ಲಿ ಹರಡಿದರು. ಗುಜರಾತಿನ ವಾಂಕಾನೇರಿನ ಕುಂಬಾರ ಮನ್‌ಸುಖ್‌ಭಾಯಿ ಪ್ರಜಾಪತಿ ವಿದ್ಯುತ್ ಬೇಡದ ಮಣ್ಣಿನ ಫ್ರಿಜ್ ಮಾಡಿದ್ದೂ ನೀರು ಆವಿಯಾದಾಗ ತಂಪಾಗುವ ಇದೇ ತತ್ತ್ವದ ಮೇಲೆ. ಎರಡು ಮಡಕೆಗಳನ್ನು ರಾತ್ರಿಯಿಡೀ ನೆನೆಸಿ, ಒಂದರೊಳಗೊಂದಿಟ್ಟು, ನಡುವಿನ ಎರಡು ಮೂರು ಬೆರಳಿನಷ್ಟು ಸಂದಿಗೆ ಒದ್ದೆ ಮರಳು ತುಂಬಿ, ಬಾಯಿಗೆ ಒದ್ದೆ ಗೋಣಿ ಮುಚ್ಚಿ, ಗಾಳಿಯಾಡುವ ನೆರಳಿನಲ್ಲಿ ಇಟ್ಟಿಗೆಯ ಮೇಲೆ ಇಡಬೇಕು. ಒಳ ಮಡಕೆಗೆ ನೀರು ಹಾಕಿದರೆ ಸೊಪ್ಪು ಕೊಳೆಯುತ್ತದೆ. ಅಂಗಡಿಗಳಲ್ಲಿ ಸಿಗುವ, ಬಣ್ಣ ಬಳಿದು ಹೊಳಪು ಕೊಟ್ಟ ಅಲಂಕಾರದ ಮಡಕೆ ಬೆವರುವುದಿಲ್ಲ, ಹಾಗಾಗಿ ತಂಪೂ ಆಗುವುದಿಲ್ಲ. ಕುಂಬಾರರ ಮನೆಯಿಂದಲೇ ತನ್ನಿ. ಕರಾವಳಿಯವರು ಈ ಪ್ರಯೋಗಕ್ಕೆ ಕೈ ಹಾಕದಿರುವುದು ಒಳ್ಳೆಯದು, ಅಲ್ಲಿನ ತೇವದ ಗಾಳಿಯಲ್ಲಿ ಇದು ಹೆಚ್ಚೇನೂ ನಡೆಯದು.

ಕೆಲಸ ಮಾಡುತ್ತದೆಯೇ ಎಂಬುದನ್ನು ಅಳೆಯಲು ಒಂದೇ ಹೊಲದ ಎರಡು ಕಟ್ಟು ಕೊತ್ತಂಬರಿ ತೆಗೆದುಕೊಂಡು, ಒಂದನ್ನು ಮಡಕೆಯಲ್ಲೂ ಇನ್ನೊಂದನ್ನು ಬುಟ್ಟಿಯಲ್ಲೂ ಇಟ್ಟು, ಮೂರು ಗಂಟೆಗೊಮ್ಮೆ ಫೋಟೊ ತೆಗೆದರೆ ಆಯಿತು.

ಬೆಲೆ ಕಟ್ಟುವುದು

ಮಕ್ಕಳ ಮೊದಲ ಲೆಕ್ಕ ಹೀಗಿತ್ತು: ಎರಡು ಮಡಕೆಗೆ 400, ಮರಳು ಮತ್ತು ಗೋಣಿಗೆ 40, ಆಟೋಗೆ 60, ಒಟ್ಟು 500 ರೂಪಾಯಿ, 550ಕ್ಕೆ ಮಾರಿದರೆ 50 ಲಾಭ. ಅಜ್ಜಿ ನಕ್ಕುಬಿಟ್ಟರು. ಒಟ್ಟಿಗೆ 550 ಅವರ ಬಳಿ ಇರುವ ದಿನವೇ ಇಲ್ಲ. 1995ರಲ್ಲಿ ಬೆಂಗಳೂರಿನಲ್ಲಿ ಸೌರ ದೀಪಗಳ ಕಂಪನಿ ಸೆಲ್ಕೊ ಕಟ್ಟಿ, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹರೀಶ್ ಹಂದೆಯವರು ಬೀದಿ ವ್ಯಾಪಾರಿಗಳ ಬಗ್ಗೆ ಹೇಳುವ ಮಾತೊಂದಿದೆ: ತಿಂಗಳಿಗೆ 300 ಎಂದರೆ ಭಾರ, ದಿನಕ್ಕೆ 10 ಎಂದರೆ ಕೊಡಬಹುದು. ಮಕ್ಕಳಿಗೆ ಈ ಮಾತನ್ನು ಮೊದಲೇ ಹೇಳದೆ, ಅಜ್ಜಿ ನಕ್ಕ ಮೇಲೆ ಹೇಳಿ.

ಹಾಗಾದರೆ ಮಾರುವ ಬದಲು ಬಾಡಿಗೆಗೆ ಕೊಡಬೇಕು; ಒಂದು ಜೋಡಿಗೆ ದಿನಕ್ಕೆ ಎಷ್ಟು? ಮಕ್ಕಳು ಕರುಣೆಯಿಂದ 5 ರೂಪಾಯಿ ಎಂದರು. ತಿಂಗಳಿಗೆ 25 ದಿನದ ವ್ಯಾಪಾರವೆಂದರೂ 125. ನಾಲ್ಕು ಜೋಡಿಗೆ ಹಾಕಿದ 2,000ದಲ್ಲಿ ಒಂದು ಜೋಡಿ ಮೊದಲ ವಾರವೇ ಒಡೆಯಿತು ಎಂದಿಟ್ಟುಕೊಳ್ಳಿ (ನಮ್ಮದು ಒಡೆದದ್ದು ಎರಡನೆಯ ದಿನ, ಹಸುವಿನ ಕೋಡು ತಗಲಿ). ಉಳಿದ ಮೂರರಿಂದ ತಿಂಗಳಿಗೆ 375 ಬಂದರೆ ಸಾಲ ತೀರಲು ಐದು ತಿಂಗಳಿಗೂ ಮೇಲಾಗುತ್ತದೆ. ಅಷ್ಟರಲ್ಲಿ ಮಳೆಗಾಲ ಬಂದು ಮಡಕೆ ಯಾರಿಗೂ ಬೇಡವಾಗಿರುತ್ತದೆ. ಈಗ ಅಜ್ಜಿಯ ಕಡೆಯಿಂದ ಲೆಕ್ಕ ಹಾಕಿಸಿ: ಮಡಕೆಯಲ್ಲಿ ಉಳಿದ ಎಂಟು ಕಟ್ಟು ಅರ್ಧ ಬೆಲೆಯ ಬದಲು ಪೂರ್ತಿ ಬೆಲೆಗೆ ಹೋದರೆ ದಿನಕ್ಕೆ 40 ರೂಪಾಯಿ ಉಳಿತಾಯ. ಅದರಲ್ಲಿ 10 ಕೇಳುವುದು ಅನ್ಯಾಯವಲ್ಲ. ಆಗ ಮೂರು ಜೋಡಿಯಿಂದ ತಿಂಗಳಿಗೆ 750, ಎರಡು ತಿಂಗಳು ಮುಕ್ಕಾಲಿಗೆ ಸಾಲ ತೀರುತ್ತದೆ. ಮಕ್ಕಳ ಕೂಲಿ ಈ ಲೆಕ್ಕದಲ್ಲಿ ಇನ್ನೂ ಸೇರಿಲ್ಲ. ಅದನ್ನು ಬೇರೆ ಕಾಲಂನಲ್ಲಿ, ಗಂಟೆಗಳಲ್ಲಿ, ಪ್ರತಿದಿನ ಬರೆಸಿ. ಬರೆಸದಿದ್ದರೆ ಪುಕ್ಕಟೆ ದುಡಿಮೆಯನ್ನೇ ಲಾಭವೆಂದು ತಿಳಿಯುತ್ತಾರೆ. ‘ಪಾಪ, ಅಜ್ಜಿಗೆ ಹಾಗೇ ಕೊಟ್ಟುಬಿಡೋಣ ಸರ್’ ಎನ್ನುವ ಮಗು ಪ್ರತಿ ಗುಂಪಿನಲ್ಲೂ ಇರುತ್ತದೆ. ಬೈಯಬೇಡಿ. ಹಾಗೇ ಕೊಟ್ಟರೆ ಒಡೆದಾಗ ಎರಡನೆಯ ಮಡಕೆ ಎಲ್ಲಿಂದ ಬರುತ್ತದೆ ಎಂದು ಮಾತ್ರ ಕೇಳಿ, ಉತ್ತರಕ್ಕೆ ಒಂದು ದಿನ ಕೊಡಿ.

ತಿನ್ನುವ ಪದಾರ್ಥ ಮಾಡಿ ಮಾರುವ ಯೋಚನೆಯನ್ನು ನಾನು ಮೊದಲೇ ಕೈಬಿಡಿಸುತ್ತೇನೆ. ಆಹಾರ ಸುರಕ್ಷತೆಯ ನೋಂದಣಿ ಬೇಕು, ಮೂರು ವಾರದಲ್ಲಿ ಆ ಓಡಾಟ ಆಗದು. ಸಾಲದ್ದಕ್ಕೆ ಉಪ್ಪಿನಕಾಯಿಯೆಂದರೆ ಮತ್ತೆ ಅಮ್ಮಂದಿರ ಕೈಗೇ ಕೆಲಸ ಹೋಗುತ್ತದೆ.

ಕೊನೆಯ ವಾರ ಮತ್ತು ಆಮೇಲೆ

ಸಮಾರೋಪಕ್ಕೆ ಶಾಲು ಹಾರದ ಅತಿಥಿಗಳು ಬೇಡ. ಬಳಸಿದ ವ್ಯಾಪಾರಿಗಳನ್ನು ಕರೆದು, ಚಹಾ ಕೊಟ್ಟು, ಅವರೆದುರು ಲೆಕ್ಕದ ಪುಸ್ತಕ ಓದಿಸಿ. ಸಾಲ ತೀರಿರುವುದಿಲ್ಲ, ಅದನ್ನೂ ಹಾಗೆಯೇ ಓದಲಿ. ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ಬಾಡಿಗೆ ಯಾರು ವಸೂಲಿ ಮಾಡುತ್ತಾರೆ ಎಂಬುದನ್ನು ಅಂದೇ ತೀರ್ಮಾನಿಸಬೇಕು. ನಮ್ಮಲ್ಲಿ ಮಾರುಕಟ್ಟೆಯ ಹಿಂದಿನ ಬೀದಿಯ ಹುಡುಗ ಭಾನುವಾರ ಸಂಜೆ ಸಂಗ್ರಹಿಸಿ, ಸೋಮವಾರ ಶಿಬಿರದ ಖಾತೆಗೆ ಕಟ್ಟುತ್ತಿದ್ದ. ಮೊದಲ ಮಳೆಗೆ ವಸೂಲಿ ನಿಲ್ಲಿಸಿ ಮಡಕೆಗಳನ್ನು ವಾಪಸು ಪಡೆಯಿರಿ. ಮರಳು ಸುರಿದು, ಸಾಬೂನು ಸೋಕಿಸದೆ ತೆಂಗಿನ ನಾರಿನಿಂದ ಉಜ್ಜಿ ತೊಳೆದು, ಎರಡು ದಿನ ಬಿಸಿಲಿಗೆ ಒಣಗಿಸಿ, ಬೋರಲು ಹಾಕಿ ಇಟ್ಟರೆ ಮುಂದಿನ ಮಾರ್ಚ್‌ಗೆ ಅವೇ ಆಗುತ್ತವೆ. ಬಾಡಿಗೆಯನ್ನು ಏಪ್ರಿಲ್‌ವರೆಗೆ ಕಾಯದೆ ಮಾರ್ಚ್‌ನಲ್ಲೇ ಶುರು ಮಾಡಿದರೆ ಬಾಕಿ ಸಾಲ ಮಳೆಗೆ ಮುಂಚೆ ತೀರುತ್ತದೆ.